ಜಾಥಾ ಮುಗಿದ ಮೇಲೆ ತೊಟ್ಟಿ ತಿಕ್ಕುವವರು ಯಾರು? ಶಾಲೆ ಮತ್ತು ಊರಿನ ಆರೋಗ್ಯ ಶಿಕ್ಷಣ ಕುರಿತು ಪ್ರಶ್ನೋತ್ತರ

ಈ ವಾರ ಗುಂಪಿನ ಸದಸ್ಯರು ಕೇಳಿದ ಪ್ರಶ್ನೆಗಳಿಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿಯಾಗಿ ಕೆಲಸ ಮಾಡಿದ ಹಿರಿಯರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ದಾವಣಗೆರೆ ನಗರ

ಸರ್, ಪ್ರತಿ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಶಾಲೆಯಿಂದ ಡೆಂಗಿ ಜಾಗೃತಿ ಜಾಥಾ ಹೊರಡಿಸುತ್ತೇವೆ, ಭಿತ್ತಿಪತ್ರ ಬರೆಸುತ್ತೇವೆ, ಪ್ರಬಂಧ ಸ್ಪರ್ಧೆಯನ್ನೂ ಏರ್ಪಡಿಸುತ್ತೇವೆ. ಸೊಳ್ಳೆಯ ಜೀವನಚಕ್ರವನ್ನು ಮಕ್ಕಳು ಚಿತ್ರಸಹಿತ ತಪ್ಪಿಲ್ಲದೆ ಬರೆಯುತ್ತಾರೆ. ಇಷ್ಟಾದರೂ ಜುಲೈ, ಆಗಸ್ಟ್ ಬಂತೆಂದರೆ ಜ್ವರದ ರಜೆ ಅರ್ಜಿಗಳು ಹೆಚ್ಚುತ್ತವೆ. ನಮ್ಮ ಪ್ರಯತ್ನದಲ್ಲಿ ಏನು ಕೊರತೆಯಿದೆ?

ಉತ್ತರ:

ಮೇಡಂ, ಮಕ್ಕಳು ಪಾಠವನ್ನು ಚೆನ್ನಾಗಿಯೇ ಕಲಿತಿದ್ದಾರೆ. ಮನೆಗೆ ಹೋಗಿ ಮಾಡಬೇಕಾದ ಒಂದು ಕೆಲಸವನ್ನು ಮಾತ್ರ ಆ ಪಾಠ ಅವರ ಕೈಗೆ ಕೊಟ್ಟಿಲ್ಲ. ‘ಪರಿಸರವನ್ನು ಸ್ವಚ್ಛವಾಗಿಡಿ’ ಎಂಬ ಘೋಷಣೆಯನ್ನು ಕೇಳಿದ ತಾಯಿ ಅಂಗಳ ಗುಡಿಸುತ್ತಾರೆ, ಚರಂಡಿ ಸ್ವಚ್ಛಗೊಳಿಸಿಲ್ಲವೆಂದು ಪಾಲಿಕೆಗೆ ದೂರು ಕೊಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯಾದರೋ ಅದೇ ಹೊತ್ತಿನಲ್ಲಿ ಅವರ ಬಚ್ಚಲಿನ ಡ್ರಮ್ಮಿನ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತಿರುತ್ತದೆ. ಚರಂಡಿಯ ಕೊಳಕು ನೀರಿನಲ್ಲಿ ಬೆಳೆದು ರಾತ್ರಿ ಕಚ್ಚುವುದು ಬಹುತೇಕ ಕ್ಯೂಲೆಕ್ಸ್ ಜಾತಿಯ ಬೇರೆ ಸೊಳ್ಳೆ. ಈಡಿಸ್ ಕಚ್ಚುವುದು ಹಗಲಿನಲ್ಲಿ, ಅಂದರೆ ಮಗು ನಿಮ್ಮ ತರಗತಿಯಲ್ಲಿ ಕುಳಿತಿರುವ ಹೊತ್ತಿನಲ್ಲಿಯೂ. ಅದು ಸಾಮಾನ್ಯವಾಗಿ ಕೆಲವು ನೂರು ಮೀಟರ್‌ಗಿಂತ ದೂರ ಹಾರುವುದಿಲ್ಲವಾದ್ದರಿಂದ, ಮಗುವನ್ನು ಕಚ್ಚಿದ ಸೊಳ್ಳೆ ಅದರ ಮನೆಯಲ್ಲಿಯೋ, ಪಕ್ಕದ ಮನೆಯಲ್ಲಿಯೋ, ಇಲ್ಲವೇ ಶಾಲೆಯ ಆವರಣದಲ್ಲಿಯೋ ಹುಟ್ಟಿದ್ದಾಗಿರುತ್ತದೆ.

ಆದುದರಿಂದ ಹತ್ತು ಸಂದೇಶಗಳನ್ನು ಬಿಟ್ಟು ಒಂದೇ ಕೆಲಸವನ್ನು ಆರಿಸಿಕೊಳ್ಳಿ: ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಖಾಲಿ ಮಾಡಿ, ಒಳಗೋಡೆಯನ್ನು ತಿಕ್ಕಿ, ಒಣಗಿಸಿ, ಮತ್ತೆ ತುಂಬಿದ ಮೇಲೆ ಮುಚ್ಚುವುದು. ವಾರಕ್ಕೊಮ್ಮೆ ಏಕೆಂದರೆ ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಆ ಚಕ್ರವನ್ನು ಅದಕ್ಕಿಂತ ಮೊದಲೇ ಕಡಿಯಬೇಕು. ತಿಕ್ಕಬೇಕೇಕೆಂದರೆ, ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕೆ ತುಸು ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ, ಮತ್ತು ಆ ಮೊಟ್ಟೆಗಳು ನೀರಿಲ್ಲದೆ ಹಲವು ತಿಂಗಳು ಬದುಕಿದ್ದು ಮತ್ತೆ ನೀರು ತಾಗಿದೊಡನೆ ಒಡೆಯುತ್ತವೆ. ನೀರನ್ನು ಚೆಲ್ಲಿ ಹಾಗೆಯೇ ಮತ್ತೆ ತುಂಬಿದರೆ ಅರ್ಧ ಕೆಲಸವೂ ಆದಂತಲ್ಲ. ಈ ಒಂದು ವಿವರವನ್ನು ಭಿತ್ತಿಪತ್ರಗಳು ಬಹುತೇಕ ಬಿಟ್ಟುಬಿಡುತ್ತವೆ.

ಕಲಿಸುವ ಕ್ರಮದ ಬಗ್ಗೆ ಹೇಳುವುದಾದರೆ, ಮೊದಲು ಲಾರ್ವಾವನ್ನು, ಅಂದರೆ ನೀರಿನಲ್ಲಿ ಬೆಳೆಯುವ ಸೊಳ್ಳೆಯ ಮರಿಹುಳುವನ್ನು ತೋರಿಸಿ. ನಿಮ್ಮ ವ್ಯಾಪ್ತಿಯ ಆರೋಗ್ಯ ನಿರೀಕ್ಷಣಾಧಿಕಾರಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿದರೆ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ತಂದುಕೊಡುತ್ತಾರೆ. ನೀರಿನ ಮೇಲ್ಮೈಗೆ ಬಂದು ತಲೆಕೆಳಗಾಗಿ ಜೋತು, ಬಾಟಲಿಯನ್ನು ಅಲುಗಿಸಿದೊಡನೆ ನುಲಿಯುತ್ತ ತಳಕ್ಕಿಳಿಯುವ ಆ ಹುಳುವನ್ನು ಕಣ್ಣಾರೆ ಕಂಡ ಮಗು ಮನೆಗೆ ಹೋಗಿ ಡ್ರಮ್ಮಿನೊಳಗೆ ಇಣುಕದೆ ಇರುವುದಿಲ್ಲ. ಪಠ್ಯದ ಚಿತ್ರಕ್ಕೆ ಆ ಶಕ್ತಿಯಿಲ್ಲ. ಬಾಟಲಿಯ ನೀರನ್ನು ಪಾಠ ಮುಗಿದೊಡನೆ ಒಣ ಮಣ್ಣಿಗೆ ಚೆಲ್ಲಿಸಬೇಕು ಎಂಬುದನ್ನು ಮರೆಯದಿರಿ.

ಆ ಬಳಿಕ ಪ್ರತಿ ಮಗುವಿಗೂ ಒಂದು ಹಾಳೆ ಕೊಡಿ. ಅದರಲ್ಲಿ ಮನೆಯೊಳಗಿನ ಡ್ರಮ್ಮು, ಸಿಮೆಂಟ್ ತೊಟ್ಟಿ, ಸಂಪು, ಫ್ರಿಜ್ಜಿನ ಹಿಂಭಾಗದ ತಟ್ಟೆ, ಏರ್ ಕೂಲರ್, ಹೂಕುಂಡದ ಅಡಿತಟ್ಟೆ, ತಾರಸಿಯ ಮೇಲಿನ ಹಳೆಯ ಟೈರು ಮತ್ತು ತೆಂಗಿನ ಚಿಪ್ಪು ಇಷ್ಟನ್ನು ಬರೆಸಿ, ಎದುರಿಗೆ ‘ಹುಳು ಇದೆ’ ಅಥವಾ ‘ಇಲ್ಲ’ ಎಂದು ಗುರುತು ಹಾಕಲು ಜಾಗ ಬಿಡಿಸಿ. ಶನಿವಾರ ಬೆಳಗಿನ ಶಾಲೆ ಮುಗಿಸಿ ಹೋದ ಮಗು ಭಾನುವಾರದೊಳಗೆ ದೊಡ್ಡವರ ಜೊತೆ ನಿಂತು ನೋಡಿ ಬರೆದು ಸೋಮವಾರ ತರಬೇಕು. ತರಗತಿಯ 40 ಮನೆಗಳಲ್ಲಿ 10 ಮನೆಗಳಲ್ಲಿ ಹುಳು ಕಂಡರೆ ಶೇಕಡಾ 25 ಆಯಿತು. ಇದನ್ನೇ ಇಲಾಖೆಯ ಲಾರ್ವಾ ಸಮೀಕ್ಷೆಯಲ್ಲಿ ಮನೆ ಸೂಚ್ಯಂಕ ಎನ್ನುತ್ತೇವೆ. ಗಣಿತದ ಶಿಕ್ಷಕರು ಶೇಕಡಾವಾರು ಪಾಠಕ್ಕೆ ಈ ಅಂಕಿಯನ್ನೇ ಬಳಸಿಕೊಳ್ಳಬಹುದು. ಅದು ಮುಂದಿನ ಸೋಮವಾರ ಇಳಿಯಿತೋ ಇಲ್ಲವೋ ಎಂಬುದನ್ನು ಫಲಕದ ಮೇಲೆ ಬರೆಯುತ್ತ ಹೋಗಿ. ಮನೆಯವರ ಹೆಸರನ್ನು ಮಾತ್ರ ಎಂದಿಗೂ ಬರೆಯಬೇಡಿ. ಹುಳು ಕಂಡ ಮನೆಯ ಮಗು ಅವಮಾನಕ್ಕೆ ಅಂಜಿ ಎರಡನೆಯ ವಾರದಿಂದಲೇ ‘ಇಲ್ಲ’ ಎಂದು ಬರೆಯತೊಡಗುತ್ತದೆ, ಅಲ್ಲಿಗೆ ನಿಮ್ಮ ಲೆಕ್ಕವೂ ಹಾಳಾಗುತ್ತದೆ.

ಮೊದಲ ಸಮೀಕ್ಷೆ ಶಾಲೆಯಲ್ಲಿಯೇ ನಡೆಯಲಿ. ಬಿಸಿಯೂಟದ ಕೈತೊಳೆಯುವ ಡ್ರಮ್ಮು, ಶೌಚಾಲಯದ ತೊಟ್ಟಿ, ಒಡೆದ ಬೆಂಚುಗಳನ್ನು ಪೇರಿಸಿಟ್ಟ ಹಿತ್ತಲು, ಹಕ್ಕಿಗಳಿಗೆಂದು ಬೇಸಗೆಯಲ್ಲಿ ಇಟ್ಟು ಮರೆತ ಮಣ್ಣಿನ ತಟ್ಟೆ ಇವೆಲ್ಲವನ್ನೂ ಮಕ್ಕಳೆದುರಿಗೇ ನೋಡಿ. ಮಕ್ಕಳನ್ನು ಸಂಪಿಗೆ ಇಳಿಸುವುದಾಗಲಿ, ಓವರ್‌ಹೆಡ್ ಟ್ಯಾಂಕಿಗೆ ಹತ್ತಿಸುವುದಾಗಲಿ, ಲಾರ್ವಾನಾಶಕ ದ್ರಾವಣವನ್ನು ಅವರ ಕೈಗೆ ಕೊಡುವುದಾಗಲಿ, ಪರಿಚಯವಿಲ್ಲದ ಮನೆಗಳಿಗೆ ಕಳುಹಿಸುವುದಾಗಲಿ ಕೂಡದು.

ಮರುಪ್ರಶ್ನೆ: ಅದೇ ಶಿಕ್ಷಕಿ

ಹಾಳೆಯ ಪ್ರಯೋಗವನ್ನು ಒಂದು ತರಗತಿಯಲ್ಲಿ ಆರಂಭಿಸಿದೆವು. ಒಬ್ಬ ತಾಯಿ ಶಾಲೆಗೇ ಬಂದು, ‘ನಲ್ಲಿ ನೀರು ಬರುವುದೇ ವಾರಕ್ಕೊಮ್ಮೆ, ಅದನ್ನೂ ಚೆಲ್ಲಿರಿ ಎನ್ನುತ್ತೀರಲ್ಲ, ಮಕ್ಕಳಿಗೆ ಸ್ನಾನ ಮಾಡಿಸುವುದು ಯಾವುದರಲ್ಲಿ?’ ಎಂದು ಸಿಟ್ಟಿನಿಂದ ಕೇಳಿದರು. ಅವರಿಗೆ ಏನು ಹೇಳಬೇಕೆಂದು ತೋಚಲಿಲ್ಲ.

ಉತ್ತರ:

ಆ ತಾಯಿ ಹೇಳಿದ್ದು ನ್ಯಾಯವಾಗಿದೆ. ಭದ್ರಾ ನಾಲೆಯ ನೀರನ್ನು ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ತುಂಬಿಸಿಟ್ಟುಕೊಂಡು ಹಂಚುವ ಊರಿದು. ನಾಲೆ ನಿಂತ ದಿನಗಳಲ್ಲಿ ನೀರಿನ ಸರದಿ ದೂರವಾಗುತ್ತದೆ, ಜನ ನೀರು ಕೂಡಿಡದೆ ಬೇರೆ ದಾರಿಯಿಲ್ಲ. ಇಲ್ಲಿ ‘ನೀರು ಸಂಗ್ರಹಿಸಬೇಡಿ’ ಎನ್ನುವ ಆರೋಗ್ಯ ಶಿಕ್ಷಣ ಜನರನ್ನು ದೂರಿದಂತಾಗುತ್ತದೆಯೇ ವಿನಾ ಸೊಳ್ಳೆ ಕಡಿಮೆಯಾಗುವುದಿಲ್ಲ.

ಅವರಿಗೆ ಹೀಗೆ ಹೇಳಿ: ತುಂಬಿದ ತೊಟ್ಟಿಯನ್ನು ಚೆಲ್ಲುವುದು ಬೇಡ. ನೀರು ಬಿಡುವ ದಿನದ ಮುಂಜಾನೆ ತೊಟ್ಟಿಯಲ್ಲಿ ಇರುವುದು ತಳದ ನಾಲ್ಕು ಕೊಡ ಮಾತ್ರ. ಅದನ್ನು ಬಟ್ಟೆ ಒಗೆಯಲೋ ಶೌಚಾಲಯಕ್ಕೋ ಬಳಸಿ, ಒರಟು ಬ್ರಷ್ಷಿನಿಂದ ಒಳಗೋಡೆಯನ್ನು ತಿಕ್ಕಿ, ಹೊಸ ನೀರು ಹಿಡಿಯಿರಿ. ಅಂದರೆ ತಿಕ್ಕುವ ದಿನವನ್ನು ಕ್ಯಾಲೆಂಡರ್ ನಿರ್ಧರಿಸುವುದು ಬೇಡ, ಆ ಬೀದಿಯ ನೀರಿನ ಸರದಿ ನಿರ್ಧರಿಸಲಿ. ಸರದಿಯೇ ಒಂದು ವಾರ ಮೀರಿದರೆ, ಅಥವಾ ತೊಟ್ಟಿ ಎಂದೂ ಖಾಲಿಯಾಗದಷ್ಟು ದೊಡ್ಡದಾಗಿದ್ದರೆ, ಹಳೆಯ ಪಂಚೆಯನ್ನೋ ಸೀರೆಯನ್ನೋ ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿಯಾಗಿ ಕಟ್ಟಬೇಕು. ಓರೆಯಾಗಿ ಇಟ್ಟ ತಗಡಿನ ಸಂದಿಯಲ್ಲಿ ಸೊಳ್ಳೆ ಸಲೀಸಾಗಿ ನುಸುಳುತ್ತದೆ. ದನಕ್ಕೆ ನೀರು ಕುಡಿಸುವ ಬಾನಿ, ಬಳಸದ ಬಾವಿ, ಕಟ್ಟಡ ಕೆಲಸದ ದೊಡ್ಡ ತೊಟ್ಟಿಗಳಿಗೆ ಲಾರ್ವಾ ತಿನ್ನುವ ಗಪ್ಪಿ, ಗ್ಯಾಂಬೂಸಿಯ ಮೀನುಗಳನ್ನು ಆರೋಗ್ಯ ಇಲಾಖೆಯವರು ಬಿಡುತ್ತಾರೆ. ಲಾರ್ವಾ ಕೊಲ್ಲುವ ಟೆಮಿಫಾಸ್ ದ್ರಾವಣವನ್ನು ಅಳತೆ ಅರಿತ ಸಿಬ್ಬಂದಿಯೇ ಹಾಕಬೇಕು. ಆ ತಾಯಿಯನ್ನು ಮುಂದಿನ ಪೋಷಕರ ಸಭೆಗೆ ಕರೆದು ಮಾತನಾಡಿಸಿ. ಅವರ ಬೀದಿಯ ನೀರಿನ ದಿನ ಯಾವುದೆಂದು ನಿಮಗಿಂತ, ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಆಶಾ ಕಾರ್ಯಕರ್ತೆ, ಹರಿಹರ ತಾಲ್ಲೂಕು

ಲಾರ್ವಾ ಕಂಡರೆ ದಂಡ ಹಾಕುವ ನಿಯಮ ಬಂದಿದೆಯಲ್ಲವೇ ಸರ್? ಕೇಳದ ಮನೆಯವರಿಗೆ ದಂಡದ ಮಾತು ಹೇಳಬಹುದೇ?

ಉತ್ತರ:

ನಿಯಮವಿರುವುದು ನಿಜ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮೀಣ ಪ್ರದೇಶದಲ್ಲಿ 200 ರೂಪಾಯಿ ದಂಡವನ್ನು ನಿಗದಿಪಡಿಸಿತು. ವಾಣಿಜ್ಯ ಸ್ಥಳಗಳಿಗೂ ಕಟ್ಟಡ ಕಾಮಗಾರಿಗಳಿಗೂ ಇದು ಹೆಚ್ಚು. ಆದರೆ ದಂಡ ವಿಧಿಸುವ ಅಧಿಕಾರ ನಿಮ್ಮದಲ್ಲ, ಆ ಬೆದರಿಕೆ ನಿಮ್ಮ ಬಾಯಿಂದ ಬರುವುದೂ ಬೇಡ. ಅದೇ ಮನೆಗೆ ನಾಳೆ ಬಸುರಿಯ ತಪಾಸಣೆಗೆ, ನಾಡಿದ್ದು ಮಗುವಿನ ಲಸಿಕೆಗೆ ಹೋಗಬೇಕಾದವರು ನೀವು. ಬಾಗಿಲು ತೆರೆಯದಿದ್ದರೆ ಕೆಲಸವೆಲ್ಲ ನಿಲ್ಲುತ್ತದೆ. ಅರ್ಧ ಕಟ್ಟಿ ಬಿಟ್ಟ ಕಟ್ಟಡ, ಟೈರು ಅಂಗಡಿ, ಗುಜರಿ ಅಂಗಡಿಗಳ ಮೇಲೆ ಆ ನಿಯಮವನ್ನು ಪ್ರಯೋಗಿಸುವಂತೆ ಆರೋಗ್ಯ ನಿರೀಕ್ಷಣಾಧಿಕಾರಿಗೆ ತಿಳಿಸಿ. ಅದು ಅಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಪೋಷಕರು, ದಾವಣಗೆರೆ

ಮಗನಿಗೆ ಡೆಂಗಿ ಎಂದಾಗ ಪಪ್ಪಾಯಿ ಎಲೆಯ ರಸ ಕುಡಿಸಿದರೆ ಸಾಕು ಎಂದು ಹಲವರು ಹೇಳಿದರು. ಇದು ಸರಿಯೇ?

ಉತ್ತರ:

ರಸದ ಭರವಸೆಯಲ್ಲಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದು ಅಪಾಯ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಸಾಕು. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡರೆ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜ್ವರ ಇಳಿಯಿತೆಂದು ನಿಟ್ಟುಸಿರು ಬಿಡುವ ಮೂರನೆಯ ದಿನದಿಂದ ಏಳನೆಯ ದಿನದೊಳಗೆಯೇ ಡೆಂಗಿ ತೀವ್ರವಾಗುವುದು. ಆಗ ಹೊಟ್ಟೆನೋವು, ಬಿಡದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು, ಚಡಪಡಿಕೆ ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕರು, ಚನ್ನಗಿರಿ ತಾಲ್ಲೂಕು

ಜಂತುಹುಳು ಮಾತ್ರೆಯ ದಿನ ಕೆಲವು ಪೋಷಕರು ಮಕ್ಕಳನ್ನು ಶಾಲೆಗೇ ಕಳುಹಿಸುವುದಿಲ್ಲ. ಎಲ್ಲೋ ಮಕ್ಕಳು ವಾಂತಿ ಮಾಡಿಕೊಂಡರು ಎಂಬ ಸುದ್ದಿ ಮೊಬೈಲಿನಲ್ಲಿ ಹರಿದಾಡಿದರೆ ಸಾಕು, ಅರ್ಧ ಶಾಲೆ ಖಾಲಿ. ಅವರನ್ನು ಒಪ್ಪಿಸುವುದು ಹೇಗೆ?

ಉತ್ತರ:

ಮಾತ್ರೆಯ ದಿನವೇ ಒಪ್ಪಿಸಲು ಹೊರಟರೆ ತಡವಾಯಿತು. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಲ್ಲಿ 1ರಿಂದ 19 ವರ್ಷದವರಿಗೆ ಕೊಡುವುದು ಅಲ್ಬೆಂಡಜೋಲ್ 400 ಮಿಲಿಗ್ರಾಂ, ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ. ಹುಳು ಹೆಚ್ಚಿರುವ ಮಗುವಿಗೆ ಆ ಹುಳುಗಳು ಸಾಯುವ ಹೊತ್ತಿನಲ್ಲಿ ತುಸು ಹೊಟ್ಟೆನೋವು, ವಾಕರಿಕೆ ಆಗಬಹುದು, ಸ್ವಲ್ಪ ಹೊತ್ತಿನಲ್ಲಿ ಶಮನವಾಗುತ್ತದೆ. ಇದನ್ನು ಮುಂಚಿತವಾಗಿಯೇ, ಮುಚ್ಚುಮರೆಯಿಲ್ಲದೆ ತಾಯಂದಿರ ಸಭೆಯಲ್ಲಿ ಹೇಳಿಬಿಡಿ. ಮೊದಲೇ ಕೇಳಿದ ಮಾತು ನಿಜವಾದಾಗ ಜನ ಗಾಬರಿಯಾಗುವುದಿಲ್ಲ. ‘ಏನೂ ಆಗುವುದಿಲ್ಲ’ ಎಂದು ಭರವಸೆ ಕೊಟ್ಟ ಶಾಲೆಯಲ್ಲಿ ಒಂದು ಮಗು ವಾಂತಿ ಮಾಡಿಕೊಂಡರೆ ಮುಂದಿನ ಸುತ್ತಿನ ನಂಬಿಕೆಯೂ ಹೋಗುತ್ತದೆ. ಅಂದು ಜ್ವರವೋ ಬೇರೆ ಕಾಯಿಲೆಯೋ ಇರುವ ಮಗುವಿಗೆ ಮಾತ್ರೆ ಬೇಡ, ಗುಣವಾದ ಮೇಲೆ ಕೊಡಬಹುದು. ಮಾತ್ರೆಯನ್ನು ಮನೆಗೆ ಕಳುಹಿಸದೆ ಎದುರಿಗೇ ಅಗಿಸಿ ತಿನ್ನಿಸಿ. ಸಾಧ್ಯವಿದ್ದರೆ ನೀವು ಶಿಕ್ಷಕರೂ ಅದೇ ದಿನ ಮಕ್ಕಳ ಮುಂದೆ ನಿಮ್ಮ ಮನೆಯ ಮಗುವಿಗೆ ಕೊಟ್ಟು ತೋರಿಸಿ, ಭಾಷಣಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದ ಮೂಲಕವೇ ದೇಹಕ್ಕೆ ಇಳಿಯುತ್ತದೆ. ಗದ್ದೆಯ ಬದುವಿನಲ್ಲಿ ಬಹಿರ್ದೆಸೆಗೆ ಹೋಗುವ ರೂಢಿ ಉಳಿದಿರುವ ಕಡೆ, ಚಪ್ಪಲಿಯಿಲ್ಲದೆ ಓಡಾಡುವ ಮಗುವಿಗೆ ಮಾತ್ರೆ ಕೊಟ್ಟರೂ ಕೆಲವು ತಿಂಗಳಲ್ಲಿ ಹುಳು ಮತ್ತೆ ಸೇರುತ್ತದೆ. ಚಪ್ಪಲಿ, ಉಗುರು, ಊಟದ ಮುನ್ನ ಸಾಬೂನು ಇವು ಮೂರನ್ನೂ ಮಾತ್ರೆಯ ಜೊತೆಗೇ ಕಲಿಸಬೇಕು. ಕೈತೊಳೆಯುವ ಪಾಠಕ್ಕೆ ಮುನ್ನ ನಿಮ್ಮ ನಲ್ಲಿಯ ಬಳಿ ಸಾಬೂನು ಇದೆಯೇ ಎಂದು ನೋಡಿ. ಪಾಠ ಇರುವ, ಸಾಬೂನು ಇಲ್ಲದ ಶಾಲೆಗಳು ಕಡಿಮೆಯೇನಲ್ಲ.

ಪ್ರಶ್ನೆ: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು, ಜಗಳೂರು ತಾಲ್ಲೂಕು

ನಮ್ಮ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲು ಕಂದಾಗುತ್ತಿವೆ. ಆರೋಗ್ಯದ ಕಾರ್ಯಕ್ರಮಗಳಲ್ಲಿ ನೀರನ್ನು ಕುದಿಸಿ ಕುಡಿಯಿರಿ ಎನ್ನುತ್ತಾರೆ, ಕುದಿಸಿಯೇ ಕುಡಿಸುತ್ತಿದ್ದೇವೆ. ಸಾಕಲ್ಲವೇ?

ಉತ್ತರ:

ಅಧ್ಯಕ್ಷರೇ, ಸಾಲದು. ಕುದಿಸುವುದರಿಂದ ವಾಂತಿಭೇದಿಯ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಒಂದು ಊರಿಗೆ ಸರಿಯಾದ ಸಂದೇಶ ಇನ್ನೊಂದು ಊರಿಗೆ ಹೇಗೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿಯದು. ರಾಜ್ಯಕ್ಕೆಲ್ಲ ಒಂದೇ ಕರಪತ್ರ ಅಚ್ಚು ಹಾಕುವವರು ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರುಗಳ ಅಂತರ್ಜಲವನ್ನು ಒಮ್ಮೆ ನೆನೆಯಬೇಕು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 1.5ರವರೆಗೆ ಒಪ್ಪಬಹುದು. ನಿಮ್ಮ ಊರಿನ ಪ್ರತಿ ಕೊಳವೆಬಾವಿಯ ಅಂಕಿಯನ್ನು ಗ್ರಾಮ ಪಂಚಾಯಿತಿಯಿಂದ ಕೇಳಿ ಪಡೆದು ಶಾಲೆಯ ಗೋಡೆಯ ಮೇಲೆ ಬರೆಸಿ. ಜಲಜೀವನ್ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ಅವರನ್ನು ಶಾಲೆಗೆ ಕರೆಸಿ ಮಕ್ಕಳೆದುರು ಪರೀಕ್ಷೆ ಮಾಡಿಸಿ.

ಮನೆಗಳಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ, ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರನ್ನು ಕುಡಿಯಲು ಮಾತ್ರ ಬಳಸಿ, ಅನ್ನ, ಸಾರು, ಮುದ್ದೆಗೆ ಕೊಳವೆಬಾವಿಯ ನೀರನ್ನೇ ಹಾಕುವುದು. ಅಡುಗೆಯ ಮೂಲಕವೂ ಫ್ಲೋರೈಡ್ ಹೊಟ್ಟೆ ಸೇರುತ್ತದೆ. ಸಾಮಾನ್ಯ ಕ್ಯಾಂಡಲ್ ಫಿಲ್ಟರ್ ಅದನ್ನು ತಡೆಯಲಾರದು. ಆದುದರಿಂದ ಬಿಸಿಯೂಟದ ಅಡುಗೆಗೂ ಘಟಕದ ನೀರನ್ನೋ, ಚಾವಣಿಯಿಂದ ಹಿಡಿದಿಟ್ಟ ಮಳೆನೀರನ್ನೋ ಬಳಸುವ ನಿರ್ಣಯವನ್ನು ನಿಮ್ಮ ಸಮಿತಿಯೇ ಮಾಡಬಹುದು. ಹಾಲು, ರಾಗಿ, ನುಗ್ಗೆಸೊಪ್ಪಿನ ಕ್ಯಾಲ್ಸಿಯಂ ಹಾಗೂ ನೆಲ್ಲಿಕಾಯಿಯ ಸಿ ಜೀವಸತ್ವ ಇದ್ದರೆ ಹಾನಿಯ ತೀವ್ರತೆ ತಗ್ಗುತ್ತದೆ. ಕ್ಷೀರಭಾಗ್ಯದ ಹಾಲನ್ನು ಮಕ್ಕಳು ಚೆಲ್ಲದಂತೆ ನೋಡಿಕೊಳ್ಳಿ.

ಕಂದಾದ ಹಲ್ಲು ತಿಕ್ಕಿದರೆ ಹೋಗುವುದಿಲ್ಲ. ಶಾಶ್ವತ ಹಲ್ಲುಗಳ ಹೊರಕವಚ ರೂಪುಗೊಳ್ಳುವುದು ಬಹುಮಟ್ಟಿಗೆ ಎಂಟು ವರ್ಷದೊಳಗೆ. ಹಾಗಾಗಿ ಈ ಪಾಠ ಪ್ರೌಢಶಾಲೆಗಿಂತ ಅಂಗನವಾಡಿಯ ತಾಯಂದಿರಿಗೆ, ಬಸುರಿ ಬಾಣಂತಿಯರಿಗೆ ಹೆಚ್ಚು ಅಗತ್ಯ. ‘ಹಲ್ಲುಜ್ಜದ ಮಗು’ ಎಂದು ತರಗತಿಯಲ್ಲಿ ಅಂಥ ಮಕ್ಕಳನ್ನು ಹೀಯಾಳಿಸುವುದನ್ನಂತೂ ಇಂದೇ ನಿಲ್ಲಿಸಿ.

ಪ್ರಶ್ನೆ: ಯುವಕ ಸಂಘದ ಸದಸ್ಯರು, ಚಿತ್ರದುರ್ಗ

2023ರ ಆಗಸ್ಟ್‌ನಲ್ಲಿ ಇಲ್ಲಿನ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಸಾವುಗಳಾದವು. ಅಂಥ ಕಡೆ ಜಾಗೃತಿ ಮೂಡಿಸುವುದಕ್ಕೆ ಅರ್ಥವಿದೆಯೇ? ತಪ್ಪು ಜನರದ್ದಲ್ಲವಲ್ಲ.

ಉತ್ತರ:

ನಲ್ಲಿಯಲ್ಲಿ ಬಂದ ನೀರನ್ನು ಕುಡಿದವರಿಗೆ ಸ್ವಚ್ಛತೆಯ ಉಪದೇಶ ಮಾಡುವುದು ಅನ್ಯಾಯವೇ ಸರಿ. ಅಲ್ಲಿ ಜನರಿಗೆ ಬೇಕಾದ ಶಿಕ್ಷಣವೆಂದರೆ ಅಪಾಯವನ್ನು ಬೇಗ ಗುರುತಿಸುವುದು ಮತ್ತು ಉತ್ತರ ಕೇಳುವುದು. ಕೊಳವೆಯ ಕೊನೆಯ ನಲ್ಲಿಯಲ್ಲಿಯೂ ಉಳಿಕೆ ಕ್ಲೋರಿನ್ (ರೋಗಾಣು ಕೊಲ್ಲಲು ಬೆರೆಸಿದ ಕ್ಲೋರಿನ್‌ನಲ್ಲಿ ನೀರಿನಲ್ಲಿ ಉಳಿದಿರುವ ಭಾಗ) ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಸಣ್ಣ ಕಿಟ್ಟಿನಲ್ಲಿ ಒಂದೆರಡು ಹನಿ ಹಾಕಿ ಬಣ್ಣ ನೋಡಿದರೆ ತಿಳಿಯುತ್ತದೆ, ಹತ್ತನೆಯ ತರಗತಿಯ ಮಕ್ಕಳೂ ಇದನ್ನು ಮಾಡಬಲ್ಲರು. ನೀರಿನ ಬಣ್ಣ, ವಾಸನೆ ಬದಲಾದರೆ, ಅಥವಾ ಒಂದೇ ಬೀದಿಯ ಎರಡು ಮೂರು ಮನೆಗಳಲ್ಲಿ ಒಂದೇ ದಿನ ವಾಂತಿಭೇದಿ ಕಂಡರೆ ಆ ನೀರು ಕುಡಿಯುವುದನ್ನು ನಿಲ್ಲಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಸ್ಥಳೀಯ ಸಂಸ್ಥೆಗೂ ಅಂದೇ ತಿಳಿಸಬೇಕು. 104 ಆರೋಗ್ಯ ಸಹಾಯವಾಣಿಗೂ ಕರೆ ಮಾಡಬಹುದು.

ಅಷ್ಟರೊಳಗೆ ಪ್ರತಿ ಮನೆಯಲ್ಲೂ ಓಆರ್‌ಎಸ್ (ವಾಂತಿಭೇದಿಯಲ್ಲಿ ನಷ್ಟವಾದ ನೀರು, ಲವಣ ತುಂಬುವ ಪುಡಿ) ಬೆರೆಸಲು ಬರಬೇಕು: ದೊಡ್ಡ ಪೊಟ್ಟಣ ಪೂರ್ತಿ, ಕುದಿಸಿ ಆರಿಸಿದ ನೀರು ಒಂದು ಲೀಟರ್, 24 ಗಂಟೆ ಮೀರಿದರೆ ಚೆಲ್ಲಬೇಕು. ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕುವುದು ಮಗುವಿಗೆ ಹಾನಿ. ಭೇದಿಯಾದ ಮಕ್ಕಳಿಗೆ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಒಟ್ಟು 14 ದಿನ ಮುಂದುವರಿಸಬೇಕು, ಹೆಚ್ಚಿನವರು ಮೂರನೆಯ ದಿನಕ್ಕೇ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಸಹಶಿಕ್ಷಕರು, ಹೊಳಲ್ಕೆರೆ ತಾಲ್ಲೂಕು

ಹಾಲು, ಮೊಟ್ಟೆ, ಗಣತಿ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲವೂ ಶಿಕ್ಷಕರ ತಲೆಗೇ. ಈಗ ಸೊಳ್ಳೆ ಲೆಕ್ಕವೂ ನಮ್ಮದೇ? ಇದು ಆರೋಗ್ಯ ಇಲಾಖೆಯ ಕೆಲಸವಲ್ಲವೇ?

ಉತ್ತರ:

ನಿಮ್ಮ ಆಕ್ಷೇಪಣೆಯಲ್ಲಿ ಹುರುಳಿದೆ. 2020ರ ಫೆಬ್ರುವರಿಯಲ್ಲಿ ಆರಂಭವಾದ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ನೀಡಿ, ವಾರಕ್ಕೊಂದು ಅವಧಿಯನ್ನು ಇದಕ್ಕಾಗಿಯೇ ಮೀಸಲಿಡಬೇಕೆಂದು ಹೇಳಲಾಗಿದೆ. ತರಬೇತಿ ಪಡೆದವರಿಗೆ ಆ ಅವಧಿ ನಿಜವಾಗಿ ಸಿಗುತ್ತದೆಯೇ ಎಂಬುದು ನಿಮ್ಮ ಮುಖ್ಯಶಿಕ್ಷಕರನ್ನು ಕೇಳಬೇಕಾದ ಮಾತು. ಹಾಳೆ ಅಚ್ಚು ಹಾಕಿಸುವುದು, ಲಾರ್ವಾ ತಂದು ತೋರಿಸುವುದು, ಹುಳು ಹೆಚ್ಚು ಕಂಡ ಬೀದಿಗೆ ಸಿಬ್ಬಂದಿಯನ್ನು ಕಳುಹಿಸುವುದು ಇವು ಆರೋಗ್ಯ ಇಲಾಖೆಯ ಹೊಣೆ. ಶಾಲೆ ಲೆಕ್ಕ ಕೊಟ್ಟ ಮೇಲೂ ಆ ಬೀದಿಗೆ ಯಾರೂ ಬಾರದಿದ್ದರೆ ಮಕ್ಕಳು ಮೂರನೆಯ ವಾರಕ್ಕೆ ಹಾಳೆ ತರುವುದನ್ನು ಬಿಡುತ್ತಾರೆ, ಬಿಡುವುದು ಸಹಜ. ಆದುದರಿಂದ ಆರಂಭಿಸುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೊಂದಿಗೆ ಮಾತನಾಡಿ, ಸೋಮವಾರದ ಅಂಕಿ ಯಾರಿಗೆ ತಲುಪಬೇಕು, ಅವರು ಯಾವ ದಿನದೊಳಗೆ ಬರುತ್ತಾರೆ ಎಂಬುದನ್ನು ಬರೆದುಕೊಳ್ಳಿ.

ನಿಮ್ಮ ಪಾಲಿಗೆ ಉಳಿಯುವುದು ಸೋಮವಾರದ ಹತ್ತು ನಿಮಿಷ. ಅದಕ್ಕೂ ಬಿಡುವಿಲ್ಲವೆಂದಾದರೆ ಜಾಥಾ ಮತ್ತು ಪ್ರಬಂಧ ಸ್ಪರ್ಧೆಯನ್ನು ಈ ವರ್ಷ ಕೈಬಿಡಿ. ನಾನಂತೂ ಆಕ್ಷೇಪಿಸುವುದಿಲ್ಲ.